ಅಲಬಾಮಾದ ಎರೆ ಭೂಮಿ

ಅಮೆರಿಕಕ್ಕೆ ಹೋಗಿ ಬಂದವರು ನಯಾಗರದ ಬಗ್ಗೆ ಬರೆಯುತ್ತಾರೆ, ಲಾಸ್ ವೇಗಸ್ ಬಗ್ಗೆ ಬರೆಯುತ್ತಾರೆ. ನಾನು ಬರೆಯೋಕೆ ಕೂತಿರುವುದು ಅಲಬಾಮಾದ ಮಣ್ಣಿನ ಬಗ್ಗೆ. ನವಲಗುಂದ ಕಡೆಯವನು ನಾನು, ಹೊಲ ಕಂಡರೆ ಕಾರು ನಿಲ್ಲಿಸು ಅನ್ನೋ ಚಾಳಿ ಇದೆ.

2024ರ ಅಕ್ಟೋಬರ್. ಅಕ್ಕನ ಮಗ ಅಟ್ಲಾಂಟಾದಲ್ಲಿ ಇದ್ದಾನೆ. ಅವನ ಮನೆಯಲ್ಲಿ ಕಳೆದ ದಿನಗಳ ಬಗ್ಗೆ ಹೇಳೋಕೆ ಏನೂ ಇಲ್ಲ. ಮಾಲ್, ದೇವಸ್ಥಾನ, ಮತ್ತೆ ಮಾಲ್. ಅಧ್ಯಕ್ಷರ ಚುನಾವಣೆ ಹತ್ತಿರ ಬಂದಿತ್ತು, ಟಿವಿ ಹಾಕಿದರೆ ಬರೀ ಅದರದ್ದೇ ಜಾಹೀರಾತು. ಪಕ್ಕದ ಅಲಬಾಮಾ ರಾಜ್ಯದಲ್ಲಿ, 1965ರಲ್ಲಿ ಕಪ್ಪು ಜನ ಓಟಿನ ಹಕ್ಕಿಗಾಗಿ ಹೋರಾಡಿದ ಊರು ಸೆಲ್ಮಾ, ಅಲ್ಲಿಗೆ ಹೋಗೋಣ ಅಂದೆ. "ಮಾಮಾ, ಅಲ್ಲೇನೈತಿ ನೋಡಾಕ? ಅದು ಮುಗದ ಕಥಿ" ಅಂದ. ಆದರೂ ಕರೆದುಕೊಂಡು ಹೋದ, ಒಳ್ಳೆಯ ಹುಡುಗ.

ಮೊದಲು ಮಾಂಟ್ಗೊಮೆರಿ. ರಾಜ್ಯದ ರಾಜಧಾನಿ. ಬೆಳ್ಳಗೆ ಹೊಳೆಯುವ ಶಾಸನಸಭೆ ಕಟ್ಟಡ, ಅದರ ಬಾಗಿಲ ಮುಂದೆ ನೆಲದಲ್ಲಿ ಒಂದು ಹಿತ್ತಾಳೆ ನಕ್ಷತ್ರ. ಗುಲಾಮಗಿರಿ ಉಳಿಸಿಕೊಳ್ಳೋಕೆ ದೇಶ ಬಿಟ್ಟು ಹೊರನಡೆದ ರಾಜ್ಯಗಳಿಗೆ ಅಧ್ಯಕ್ಷನಾಗಿ ಜೆಫರ್ಸನ್ ಡೇವಿಸ್ 1861ರಲ್ಲಿ ನಿಂತು ಪ್ರಮಾಣ ಮಾಡಿದ ಜಾಗವಂತೆ. ಅಲ್ಲಿಂದ ಇಳಿದು ಸ್ವಲ್ಪ ನಡೆದರೆ ಮಾರ್ಟಿನ್ ಲೂಥರ್ ಕಿಂಗ್ ಪಾದ್ರಿಯಾಗಿದ್ದ ಇಟ್ಟಿಗೆಯ ಚರ್ಚು. ಆ ನಕ್ಷತ್ರವನ್ನು ಇವತ್ತಿಗೂ ಉಜ್ಜಿ ಇಟ್ಟುಕೊಂಡಿದ್ದಾರಲ್ಲ, ಅದು ನನಗೆ ಸರಿಬರಲಿಲ್ಲ.

ಸರಿಬಂದದ್ದು ಗುಡ್ಡದ ಮೇಲಿನ ಸ್ಮಾರಕ. 2018ರಲ್ಲಿ ತೆರೆದದ್ದು. 800ಕ್ಕೂ ಹೆಚ್ಚು ತುಕ್ಕು ಬಣ್ಣದ ಉಕ್ಕಿನ ಕಂಬಗಳು, ಒಂದೊಂದು ಕೌಂಟಿಗೆ ಒಂದು. ಕೌಂಟಿ ಅಂದರೆ ನಮ್ಮ ತಾಲ್ಲೂಕಿನ ಥರ ಅಂದುಕೊಳ್ಳಿ. 1877ರಿಂದ 1950ರವರೆಗೆ ಗುಂಪು ಸೇರಿ ಕೊಂದ 4,400ಕ್ಕೂ ಹೆಚ್ಚು ಕಪ್ಪು ಜನರ ಲೆಕ್ಕ ಅಲ್ಲಿದೆ. ನಡೆಯುತ್ತಾ ಹೋದಂತೆ ನೆಲ ಕೆಳಗಿಳಿಯುತ್ತದೆ, ಕಂಬಗಳು ತಲೆಯ ಮೇಲೆ ನೇತಾಡತೊಡಗುತ್ತವೆ. ಓಟು ಹಾಕೋಕೆ ಹೊರಟದ್ದಕ್ಕೆ ಸತ್ತವರೂ ಆ ಪಟ್ಟಿಯಲ್ಲಿದ್ದಾರೆ. ಅಲ್ಲಿ ಅಕ್ಕನ ಮಗ ಮೊಬೈಲ್ ತೆಗೆಯಲೇ ಇಲ್ಲ. ಹೋಗುವವರು ಒಂದು ನೆನಪಿಡಿ, ವಾರದ ಶುರುವಿನಲ್ಲಿ ಬಾಗಿಲು ಹಾಕಿರುತ್ತಾರೆ, ವಾರದ ಕೊನೆಗೆ ಇಟ್ಟುಕೊಳ್ಳಿ.

ಅಲ್ಲಿಂದ ಸೆಲ್ಮಾಗೆ 80ನೇ ನಂಬರ್ ಹೆದ್ದಾರಿ, ಸುಮಾರು 87 ಕಿಲೋಮೀಟರ್. ಈ ದಾರಿಯಲ್ಲೇ 1965ರ ಮಾರ್ಚಿನಲ್ಲಿ ಜನ ಓಟಿನ ಹಕ್ಕಿಗಾಗಿ ನಡೆದದ್ದು, ಅವರು ಸೆಲ್ಮಾದಿಂದ ಈಕಡೆಗೆ. ನಡುವೆ ಲೌಂಡ್ಸ್ ಕೌಂಟಿ. ಎರಡೂ ಕಡೆ ಹುಲ್ಲುಗಾವಲು, ಪೈನ್ ತೋಪು, ಎಲ್ಲೋ ಒಂದೊಂದು ಹತ್ತಿ ಹೊಲ ಅರಳಿ ನಿಂತಿತ್ತು. ನಿಲ್ಲಿಸು ಅಂದೆ. ಇಳಿದು ಹೆಂಟೆ ಒಡೆದು ನೋಡಿದರೆ ಕಪ್ಪು, ಜಿಗುಟು, ಒಣಗಿದಲ್ಲಿ ಬೆರಳು ಹೋಗುವಷ್ಟು ಬಿರುಕು. ಅಪ್ಪಟ ಎರೆ! ಈ ಸೀಮೆಗೆ ಬ್ಲ್ಯಾಕ್ ಬೆಲ್ಟ್ ಅಂತ ಹೆಸರು ಬಂದದ್ದೇ ಮಣ್ಣಿನಿಂದ.

ರಸ್ತೆ ಪಕ್ಕದಲ್ಲೇ ರಾಷ್ಟ್ರೀಯ ಉದ್ಯಾನ ಇಲಾಖೆಯ ಒಂದು ಸಣ್ಣ ಮ್ಯೂಸಿಯಂ ಇದೆ. ಅದರ ಹೊರಗಿನ ಬೆಂಚಿನ ಮೇಲೆ ಒಬ್ಬ ಹಿರಿಯರು ಕೂತಿದ್ದರು. ಎಪ್ಪತ್ತು ದಾಟಿದ ವಯಸ್ಸು. ಮೊಮ್ಮಗಳಿಗೆ ತೋರಿಸೋಕೆ ಬಂದಿದ್ದರಂತೆ, ಅವಳು ಒಳಗೆ ಇದ್ದಳು. ನನ್ನ ಕೈಯಲ್ಲಿನ ಮಣ್ಣು ನೋಡಿ ನಕ್ಕರು. "ಏನು ಹುಡುಕ್ತಿದ್ದೀರಿ?" ಅಂದರು. ನಮ್ಮೂರಲ್ಲೂ ಇದೇ ಮಣ್ಣು, ಇದರಲ್ಲೂ ಹತ್ತಿಯೇ ಬೆಳೆಯುತ್ತೇವೆ ಅಂದೆ. ಇನ್ನೊಂದು ಗಂಟೆ ನಾವು ಅಲ್ಲಿಂದ ಏಳಲಿಲ್ಲ.

ನಾನು ಹೇಳಿದೆ, ಕಂಪನಿ ಸರ್ಕಾರ 1840ರ ಹೊತ್ತಿಗೆ ಅಮೆರಿಕದಿಂದ ಹತ್ತಿ ಬೀಜ ತರಿಸಿ ನಮ್ಮ ಕಡೆ ಬಿತ್ತಿಸಿತ್ತು, ಅದಕ್ಕೆ ಧಾರವಾಡ ಅಮೆರಿಕನ್ ಅಂತಲೇ ಹೆಸರಿತ್ತು, ನಿಮ್ಮಲ್ಲಿ ಅಂತರ್ಯುದ್ಧ ಆಗಿ ಹತ್ತಿ ನಿಂತಾಗ ನಮ್ಮ ಹತ್ತಿಗೆ ಚಿನ್ನದ ಬೆಲೆ ಬಂದಿತ್ತು ಅಂತ. ಅವರಿಗೆ ಇದು ಹೊಸ ಸುದ್ದಿ. ಖುಷಿಪಟ್ಟರು. ಆಮೇಲೆ ಕೇಳಿದರು, "ಹತ್ತಿ ಬಿಡಿಸ್ತಿದ್ದವರು ಯಾರು? ಹೊಲ ಯಾರದ್ದು?" ಅದಕ್ಕೆ ನೇರವಾಗಿ ಉತ್ತರ ಕೊಡೋದು ಕಷ್ಟವಾಯಿತು. ಬಿಡಿಸುವವರು ಕೂಲಿ ಹೆಣ್ಣುಮಕ್ಕಳು, ಹೊಲ ಬೇರೆಯವರದ್ದು ಅಂದೆ. ಅವರು ಮುಂದೆ ಕೇಳಲಿಲ್ಲ, ತಮ್ಮ ಕಥೆ ಶುರು ಮಾಡಿದರು.

ಈ ಮಣ್ಣಿಗಾಗಿಯೇ ಗುಲಾಮರನ್ನು ಇಲ್ಲಿಗೆ ತಂದು ತುಂಬಿದರು. ಹಾಗಾಗಿ ಕಪ್ಪು ಜನರೇ ಇಲ್ಲಿ ಜಾಸ್ತಿ, 1965ರಲ್ಲಿ ಈ ಕೌಂಟಿಯಲ್ಲಿ ನೂರಕ್ಕೆ 80 ಜನ. ಆ ವರ್ಷದ ಆರಂಭದಲ್ಲಿ ಓಟರ್ ಪಟ್ಟಿಯಲ್ಲಿದ್ದ ಕಪ್ಪು ಜನ ಎಷ್ಟು ಗೊತ್ತಾ? ಸೊನ್ನೆ. ಇದು ತಾನಾಗಿ ಆದದ್ದಲ್ಲ. ಅಂತರ್ಯುದ್ಧ ಮುಗಿದ ಮೇಲೆ ಕಪ್ಪು ಗಂಡಸರಿಗೆ ಓಟು ಬಂತು, ಇದೇ ಸೆಲ್ಮಾದಿಂದ ಬೆಂಜಮಿನ್ ಟರ್ನರ್ ಅನ್ನುವ, ಗುಲಾಮನಾಗಿ ಹುಟ್ಟಿದವನು 1870ರಲ್ಲಿ ಗೆದ್ದು ವಾಷಿಂಗ್ಟನ್‌ಗೆ ಹೋದ. ಆಮೇಲೆ 1901ರಲ್ಲಿ ಅಲಬಾಮಾ ಹೊಸ ಸಂವಿಧಾನ ಬರೆಯಿತು. ಬಿಳಿಯರ ಮೇಲುಗೈ ಉಳಿಸುವುದೇ ಉದ್ದೇಶ ಅಂತ ಆ ಸಭೆಯ ಅಧ್ಯಕ್ಷ ಬಾಯಿಬಿಟ್ಟು ಹೇಳಿದ್ದ. ಓಟಿಗೆ ತೆರಿಗೆ, ಓದಿನ ಪರೀಕ್ಷೆ, ಆಸ್ತಿ ಇರಬೇಕು ಅನ್ನೋ ಷರತ್ತು. 1,80,000ಕ್ಕೂ ಹೆಚ್ಚು ಅರ್ಹ ಕಪ್ಪು ಮತದಾರರಿದ್ದ ರಾಜ್ಯದಲ್ಲಿ ಎರಡು ಮೂರು ವರ್ಷದಲ್ಲೇ 3,000 ಮಂದಿಯೂ ಪಟ್ಟಿಯಲ್ಲಿ ಉಳಿಯಲಿಲ್ಲ. 1877ರ ನಂತರ ಅಲಬಾಮಾದಿಂದ ಇನ್ನೊಬ್ಬ ಕಪ್ಪು ಸಂಸದ ಹೋದದ್ದು 1993ರಲ್ಲಿ.

ಆ ಹಿರಿಯರ ತಂದೆ ಇಲ್ಲೇ ಕೋರಿಗೆ, ಅಂದರೆ ಧಣಿಗೆ ಬೆಳೆಯಲ್ಲಿ ಪಾಲು ಕೊಟ್ಟು, ಹೊಲ ಮಾಡುತ್ತಿದ್ದರಂತೆ. 1965ರಲ್ಲಿ ಓಟಿಗೆ ಹೆಸರು ಬರೆಸಿದರು. ಧಣಿ ಮನೆ ಖಾಲಿ ಮಾಡು ಅಂದ. ಹಾಗೆ ಹೊರಬಿದ್ದ ಸಂಸಾರಗಳು ಡೇರೆ ಹಾಕಿಕೊಂಡು ಎರಡು ವರ್ಷದಷ್ಟು ಬದುಕಿದ ಜಾಗವೇ ಈ ಮ್ಯೂಸಿಯಂ ಇರೋ ಜಾಗ. ರಾತ್ರಿ ರಸ್ತೆಯಿಂದ ಗುಂಡು ಹಾರಿಸುತ್ತಿದ್ದರು. ಅಂಥದ್ದರಲ್ಲೇ ಜನ ಪಕ್ಷ ಕಟ್ಟಿದರು. ಓದು ಬಾರದವರು ಜಾಸ್ತಿ, ಹಾಗಾಗಿ ಪಕ್ಷಕ್ಕೊಂದು ಚಿಹ್ನೆ ಬೇಕಿತ್ತು. ಚುನಾವಣಾ ಚಿಹ್ನೆ ಅಂದರೆ ನಮಗೆ ಬಿಡಿಸಿ ಹೇಳಬೇಕಾ! ಆಗಿನ ಅಲಬಾಮಾ ಡೆಮಾಕ್ರಟಿಕ್ ಪಕ್ಷದ್ದು ಹುಂಜ, ಅದರ ಜೊತೆಗೆ ಬಿಳಿಯರ ಮೇಲುಗೈಗೆ ಜೈ ಅನ್ನೋ ಅರ್ಥದ ಘೋಷಣೆ. ಇವರು ಕರಿ ಚಿರತೆ ಇಟ್ಟರು. ಆ ಚಿರತೆಯನ್ನೇ ಆಮೇಲೆ ಕ್ಯಾಲಿಫೋರ್ನಿಯಾದ ಬ್ಲ್ಯಾಕ್ ಪ್ಯಾಂಥರ್ ಅನ್ನೋ ಕಪ್ಪು ಜನರ ಪಕ್ಷದವರು ಎತ್ತಿಕೊಂಡದ್ದು. 1966ರಲ್ಲಿ ಎಲ್ಲರೂ ಸೋತರು. 1970ರಲ್ಲಿ ಚಿರತೆ ಪಕ್ಷ ಕಟ್ಟಿದವರಲ್ಲಿ ಒಬ್ಬರಾದ ಜಾನ್ ಹ್ಯೂಲೆಟ್ ಕೌಂಟಿಯ ಶೆರಿಫ್ ಆದರು, ಅಂದರೆ ಜನ ಓಟು ಹಾಕಿ ಆರಿಸುವ ಪೊಲೀಸ್ ಮುಖ್ಯಸ್ಥ.

ಹಾಗಾದರೆ ಗೆದ್ದಿರಲ್ಲ ಅಂದೆ. ಅವರು ಕಾಲಿನಿಂದ ಮಣ್ಣು ಕೆದಕಿ, "ಇದರಲ್ಲಿ ನೀರು ಇಂಗುತ್ತಾ?" ಅಂದರು.

ಎರೆ ಭೂಮಿಯವನಿಗೆ ಗೊತ್ತಿಲ್ಲದ ವಿಷಯವೇ? ಒಂದು ಹದ ಮಳೆ ಬಿದ್ದರೆ ನೀರು ಮೇಲೆಯೇ ನಿಲ್ಲುತ್ತದೆ. ಇಲ್ಲಿ ಹೆಚ್ಚಿನ ಮನೆಗಳಿಗೆ ಒಳಚರಂಡಿ ಇಲ್ಲ, ಹಿತ್ತಲ ಸೆಪ್ಟಿಕ್ ಟ್ಯಾಂಕೇ ಗತಿ, ಅದರ ನೀರು ಇಂಗುವುದಿಲ್ಲ. ಈ ಮಣ್ಣಿಗೆ ತಕ್ಕಂಥ ವ್ಯವಸ್ಥೆ ಮಾಡಿಸೋಕೆ 15,000 ಡಾಲರ್‌ಗೂ ಜಾಸ್ತಿ ಬೇಕು, ಬಡವರು ಪೈಪು ಹಾಕಿ ಹಿತ್ತಲಿಗೆ ಬಿಡುತ್ತಾರೆ. ಅಮೆರಿಕದಲ್ಲಿ! 2017ರಲ್ಲಿ ವಿಶ್ವಸಂಸ್ಥೆಯ ಬಡತನ ತಜ್ಞರು ಬಂದು ನೋಡಿ ಹೋಗಿದ್ದಾರೆ. ರಾಜ್ಯ ಸರ್ಕಾರ ಟ್ಯಾಂಕು ಕಟ್ಟಿಸಿಕೊಡುವ ಬದಲು ಟ್ಯಾಂಕಿಲ್ಲದವರಿಗೆ ದಂಡ ಹಾಕುತ್ತೇವೆ, ಕೇಸು ಹಾಕುತ್ತೇವೆ ಅನ್ನುತ್ತಿತ್ತಂತೆ. 2023ರಲ್ಲಿ ಕೇಂದ್ರದ ನ್ಯಾಯ ಇಲಾಖೆ ಮಧ್ಯೆ ಬಂದು ಒಪ್ಪಂದ ಮಾಡಿಸಿದ ಮೇಲೆ ಅದು ನಿಂತಿತು.

ಶೆರಿಫ್ ನಿಮ್ಮವರು, ಕೌಂಟಿ ನಿಮ್ಮದು, ತೆರಿಗೆ ಎತ್ತಿ ಚರಂಡಿ ಮಾಡಿಸಬಹುದಲ್ಲ ಅಂದೆ. ಆಗಲ್ಲವಂತೆ. ಆ 1901ರ ಸಂವಿಧಾನ ಕೌಂಟಿಗಳ ಕೈ ಕಟ್ಟಿ ಅಧಿಕಾರವನ್ನೆಲ್ಲ ರಾಜಧಾನಿಗೆ ಒಯ್ದಿದೆ. ಒಂದು ಸ್ಥಳೀಯ ತೆರಿಗೆ ಏರಿಸಬೇಕಾದರೂ ರಾಜಧಾನಿಯ ಅಪ್ಪಣೆ ಬೇಕು, ಎಷ್ಟೋ ಸಲ ಸಂವಿಧಾನವನ್ನೇ ತಿದ್ದಬೇಕು. ಕಪ್ಪು ಜನ ಜಾಸ್ತಿ ಇರೋ ಕೌಂಟಿಗಳು ನಾಳೆ ಬಿಳಿ ಧಣಿಗಳ ಜಮೀನಿಗೆ ತೆರಿಗೆ ಹಾಕಿಬಿಟ್ಟರೆ ಅನ್ನೋ ಭಯ ಅದರ ಹಿಂದೆ ಇತ್ತು. ದಾರಿಯುದ್ದಕ್ಕೂ ನಾನು ಚೆಂದ ಅಂತ ನೋಡಿದ ಪೈನ್ ತೋಪುಗಳ ಮೇಲೆ ತೆರಿಗೆ ತೀರಾ ಕಡಿಮೆ, ಎಷ್ಟೋ ತೋಪುಗಳ ಒಡೆಯರು ಈ ಕೌಂಟಿಯಲ್ಲೇ ಇಲ್ಲ. ಜನಾಂಗಭೇದದ ಮಾತುಗಳನ್ನು 2022ರಲ್ಲಿ ಜನರೇ ಓಟು ಹಾಕಿ ಸಂವಿಧಾನದಿಂದ ತೆಗೆದರು. ತೆರಿಗೆಯ ಕಟ್ಟುಗಳು ಹಾಗೇ ಇವೆ.

ನಾನು ಒಂದು ಹೇಳಿದೆ. ನಮ್ಮ ಅಪ್ಪನೂ ಕೋರಿನವನೇ, 1974ರಲ್ಲಿ ದೇವರಾಜ ಅರಸರು ಉಳುವವನಿಗೇ ಭೂಮಿ ಅಂತ ಕಾನೂನು ತಂದು ನಾಲ್ಕು ಎಕರೆ ನಮ್ಮದಾಯಿತು, ಅದರಿಂದಲೇ ನಾನು ಓದಿದ್ದು ಅಂತ. ಹೊಲದಲ್ಲಿ ಕೂಲಿ ಮಾಡುತ್ತಿದ್ದವರಿಗೆ ಮಾತ್ರ ಆ ಕಾನೂನಿನಿಂದ ಅಷ್ಟೇನೂ ಸಿಗಲಿಲ್ಲ, ಅದನ್ನೂ ಹೇಳಿದೆ. ಅವರು ಎರಡು ಸಲ ಕೇಳಿ ಖಚಿತಪಡಿಸಿಕೊಂಡರು, ಸರ್ಕಾರ ಕಿತ್ತು ಕೊಟ್ಟಿತಾ, ನಿಜವಾಗ್ಲೂ ಕೊಟ್ಟಿತಾ ಅಂತ. ಆಮೇಲೆ, "ನಮಗೆ ಓಟು ಒಂದೇ ಬಂತು ನೋಡಿ" ಅಂದರು. ಮೊಮ್ಮಗಳು ಹೊರಗೆ ಬಂದಳು, ಹೊರಟರು.

ಸೆಲ್ಮಾ ಬಡವಾಗಿದೆ, ಮುಖ್ಯ ಬೀದಿಯಲ್ಲೇ ಎಷ್ಟೋ ಅಂಗಡಿಗಳಿಗೆ ಹಲಗೆ ಹೊಡೆದಿದ್ದಾರೆ. ಸೇತುವೆ ಮೇಲೆ ನಡೆದೆವು. 1965ರ ಮಾರ್ಚ್ 7ರಂದು ಸುಮಾರು 600 ಜನರನ್ನು ಪೊಲೀಸರು ಬಡಿದದ್ದು, ಚಳವಳಿಯ ಯುವ ನಾಯಕ ಜಾನ್ ಲೂಯಿಸ್ ಅವರ ತಲೆಬುರುಡೆ ಒಡೆದದ್ದು ಇಲ್ಲೇ. ಅದೇ ಆಗಸ್ಟ್ 6ಕ್ಕೆ ಮತದಾನ ಹಕ್ಕಿನ ಕಾಯ್ದೆ ಬಂತು. ಸೇತುವೆಯ ಮೇಲಿನ ಹೆಸರು ಮಾತ್ರ ಇವತ್ತಿಗೂ ಎಡ್ಮಂಡ್ ಪೆಟಸ್ ಅವರದ್ದೇ, ಗುಲಾಮಗಿರಿಯ ಕಡೆ ನಿಂತು ಕಾದಾಡಿದ ಸೇನಾಧಿಕಾರಿ.

ಅಲ್ಲೇ ಊಟಕ್ಕೆ ಹೋದದ್ದು ಇನ್ನೂ ಹೊಟ್ಟೆ ಉರಿಸುತ್ತದೆ. ಹೋಟೆಲ್ ಹೆಸರು ಬೇಡ. ಮೆನುವಿನಲ್ಲಿ ತರಕಾರಿ ಅಂತಲೇ ಇತ್ತು, ಮಾಂಸ ಇಲ್ಲ ತಾನೆ ಅಂತ ಕೇಳಿದ್ದೆ, ಇಲ್ಲ ಅಂದಳು. ಅರ್ಧ ಸೊಪ್ಪು ತಿಂದ ಮೇಲೆ ತಳದಲ್ಲಿ ಹಂದಿ ಮಾಂಸದ ಚೂರು. ಕೇಳಿದರೆ ಅದು ರುಚಿಗೆ ಅಂದರು! ಸಸ್ಯಾಹಾರಿಗಳು ದಕ್ಷಿಣದ ರಾಜ್ಯಗಳಲ್ಲಿ ಸೊಪ್ಪು, ಕಾಳು ಎರಡನ್ನೂ ಮುಟ್ಟುವ ಮೊದಲು ಹಂದಿ ಹಾಕಿದ್ದೀರಾ ಅಂತ ಬಿಡಿಸಿ ಕೇಳಿ. ಸುಮ್ನೆ ವೆಜಿಟೇರಿಯನ್ ಅಂದರೆ ಆಗಲ್ಲ. ನಾನು ಬಾಳೆಹಣ್ಣು ತಿಂದು ಮಲಗಿದೆ.

ವಾಪಸ್ ಬರುವಾಗ ಅಕ್ಕನ ಮಗನ ಜೊತೆ ವಾದ. ಈಗ ಯಾರು ಬೇಕಾದರೂ ಓಟು ಹಾಕಬಹುದಲ್ಲ ಅಂತ ಅವನು. ಹಾಕಬಹುದು. ಆದರೆ ಹಳೇ ಕಾಟ ಇದ್ದ ರಾಜ್ಯಗಳು ಚುನಾವಣಾ ನಿಯಮ ಬದಲಿಸಬೇಕಾದರೆ ಮೊದಲು ಕೇಂದ್ರದ ಒಪ್ಪಿಗೆ ಪಡೆಯಬೇಕು ಅನ್ನೋ ಕಟ್ಟುಪಾಡನ್ನು ಸುಪ್ರೀಂ ಕೋರ್ಟ್ 2013ರಲ್ಲಿ ನಿಷ್ಕ್ರಿಯ ಮಾಡಿತು, ಅದೂ ಅಲಬಾಮಾದ್ದೇ ಶೆಲ್ಬಿ ಕೌಂಟಿ ಹಾಕಿದ ಕೇಸಿನಲ್ಲಿ. ಮುಂದಿನ ವರ್ಷದಿಂದಲೇ ಅಲ್ಲಿ ಓಟಿಗೆ ಫೋಟೋ ಗುರುತಿನ ಚೀಟಿ ಕಡ್ಡಾಯ. 2015ರಲ್ಲಿ ಡ್ರೈವಿಂಗ್ ಲೈಸೆನ್ಸ್ ಕೊಡುವ 31 ಕಚೇರಿ ಮುಚ್ಚುತ್ತೇವೆ ಅಂದರು, ಅದರಲ್ಲಿ ಎಷ್ಟೋ ಈ ಎರೆ ಸೀಮೆಯವೇ. ಗದ್ದಲ ಆದ ಮೇಲೆ ತಿಂಗಳಿಗೊಂದು ದಿನ ತೆರೆದರು. ನಾಲ್ಕನೇ ಒಂದು ಭಾಗಕ್ಕಿಂತ ಜಾಸ್ತಿ ಕಪ್ಪು ಜನರಿರುವ ರಾಜ್ಯದ 7 ಸಂಸದ ಕ್ಷೇತ್ರಗಳಲ್ಲಿ ಅವರು ಗೆಲ್ಲುವಂಥದ್ದು ಒಂದೇ ಇತ್ತು. 2023ರಲ್ಲಿ ಸುಪ್ರೀಂ ಕೋರ್ಟ್ ತಪ್ಪು ಅಂದರೂ ರಾಜ್ಯ ಕೇಳಲಿಲ್ಲ, ಕೊನೆಗೆ ಕೋರ್ಟೇ ಗಡಿ ಬರೆಸಬೇಕಾಯಿತು. ಹೊಸ ಕ್ಷೇತ್ರದಿಂದ 2024ರ ನವೆಂಬರಿನಲ್ಲಿ ಕಪ್ಪು ಅಭ್ಯರ್ಥಿ ಶೋಮಾರಿ ಫಿಗರ್ಸ್ ಗೆದ್ದರು.

ಇನ್ನೊಂದು ಮಾತು ಅವನಿಗೆ ನೆನಪಿಸಿದೆ. 1965ಕ್ಕೆ ಮುಂಚೆ ಭಾರತಕ್ಕೆ ಅಮೆರಿಕ ಕೊಡುತ್ತಿದ್ದ ವಲಸೆ ಕೋಟಾ ವರ್ಷಕ್ಕೆ 100. ಅದನ್ನು ಕಿತ್ತು ಹಾಕಿದ ಕಾನೂನಿಗೆ ಅಧ್ಯಕ್ಷ ಜಾನ್ಸನ್ ಸಹಿ ಹಾಕಿದ್ದು ಅದೇ ವರ್ಷ ಅಕ್ಟೋಬರಿನಲ್ಲಿ, ಮತದಾನ ಕಾಯ್ದೆಯಾಗಿ ಎರಡೇ ತಿಂಗಳಿಗೆ. ಆ ಸೇತುವೆ ಮೇಲೆ ಹೊಡೆತ ತಿಂದವರು ಬದಲಿಸಿದ ಗಾಳಿಯಲ್ಲೇ ಪಾಟೀಲರು, ಕುಲಕರ್ಣಿಗಳು ಅಟ್ಲಾಂಟಾಗೆ ಬಂದದ್ದು. ಅವನು ಏನೂ ಅನ್ನದೆ ಕಾರು ಓಡಿಸಿದ.

2025ರ ಏಪ್ರಿಲ್‌ನಲ್ಲಿ ಊರಲ್ಲಿದ್ದಾಗ ಅವನಿಂದ ಒಂದು ವಾಟ್ಸಾಪ್ ಸುದ್ದಿ. ಲೌಂಡ್ಸ್ ಕೌಂಟಿಯ ಚರಂಡಿ ಒಪ್ಪಂದವನ್ನು ಹೊಸ ಸರ್ಕಾರದ ನ್ಯಾಯ ಇಲಾಖೆ ರದ್ದು ಮಾಡಿದೆ, ಜನಾಂಗ ನೋಡಿ ಸವಲತ್ತು ಕೊಡೋ ಕಾರ್ಯಕ್ರಮ ಅದು ಅನ್ನೋ ಕಾರಣ ಕೊಟ್ಟು. ಕೆಳಗೆ ಅವನು ಬರೆದಿದ್ದ, "ಮಾಮಾ, ಆ ಅಜ್ಜಂದು ಇದ ಊರಲ್ಲಾ?"

ಹೌದು, ಇದೇ ಅಂತ ಬರೆದೆ.