ತೂಕ ಏರಿತೆಂದು ಖುಷಿಪಟ್ಟ ವಾರ

ಜರ್ಮನಿಯ ಮೃಗಾಲಯವೊಂದರಲ್ಲಿ ನಾನು ಪ್ರಾಣಿಪಾಲಕ. ಮೂರು ವರ್ಷ ದೈತ್ಯ ಇರುವೆಭಕ್ಷಕವನ್ನು ನೋಡಿಕೊಂಡಿದ್ದ ನನ್ನನ್ನು ಕಳೆದ ನವೆಂಬರಿನಲ್ಲಿ ಪಕ್ಕದ ಸ್ಲಾತ್ (ಮರದಲ್ಲಿ ತಲೆಕೆಳಗಾಗಿ ನೇತಾಡುವ, ಬಲು ನಿಧಾನದ ಪ್ರಾಣಿ) ಮನೆಗೆ ಹಾಕಿದರು. ಎರಡೂ ದಕ್ಷಿಣ ಅಮೆರಿಕದವು, ಹತ್ತಿರದ ಸಂಬಂಧಿಗಳು. ಇದೇನು ಮಹಾ ಎಂದುಕೊಂಡೆ.

ಇರುವೆಭಕ್ಷಕದ ಆರೋಗ್ಯವನ್ನು ಬಟ್ಟಲೇ ಹೇಳಿಬಿಡುತ್ತದೆ. ಬಾಯಲ್ಲಿ ಒಂದೂ ಹಲ್ಲಿಲ್ಲ. ಅರೆಯುವ ಕೆಲಸ ಜಠರದ ಗಟ್ಟಿ ಸ್ನಾಯುಗಳದು. ಸುಮಾರು 60 ಸೆಂಟಿಮೀಟರ್ ಉದ್ದದ ಅಂಟು ನಾಲಿಗೆ ನಿಮಿಷಕ್ಕೆ 150 ಸಲ ಒಳಹೊರಗೆ ಆಡುತ್ತದೆ. ಹುತ್ತ ಕೆದಕಿದರೆ ಸೈನಿಕ ಗೆದ್ದಲುಗಳು ಮುತ್ತಿಕೊಳ್ಳುವ ಮೊದಲೇ ತಿಂದು ಹೊರಡಬೇಕಲ್ಲ, ಆ ಅವಸರ ನಮ್ಮ ಗಂಜಿಯ ಮುಂದೆಯೂ ಬಿಟ್ಟಿಲ್ಲ. ಬಟ್ಟಲಿನಲ್ಲಿ ಗಂಜಿ ಉಳಿಯಿತೆಂದರೆ ರೇಡಿಯೊದಲ್ಲಿ ವೈದ್ಯರನ್ನು ಕರೆಯುತ್ತೇವೆ.

ಅದೇ ಕಣ್ಣಿನಿಂದ ಸ್ಲಾತನ್ನೂ ನೋಡಿದೆ. ಸೊಪ್ಪು ಸ್ವಲ್ಪ ಉಳಿಯುತ್ತಿತ್ತು, ಆದರೆ ತೂಕ ಸೋಮವಾರ ಏರಿತು, ಗುರುವಾರ ಇನ್ನೂ ಏರಿತು. ‘ಚಳಿಗಾಲಕ್ಕೆ ಕೊಬ್ಬು ಕಟ್ಟುತ್ತಿದೆ’ ಎಂದು ಬೆಳಗಿನ ಸಭೆಯಲ್ಲಿ ಗಂಭೀರವಾಗಿ ಹೇಳಿದೆ. ಉಷ್ಣವಲಯದ ಮಳೆಕಾಡಿನ ಪ್ರಾಣಿಗೆ ಎಲ್ಲಿಯ ಚಳಿಗಾಲ? ಯಾರೂ ಕೇಳಲಿಲ್ಲ. ಕಂಪ್ಯೂಟರಿನಲ್ಲಿ ಎಲ್ಲ ಸಾಲೂ ಹಸಿರು.

ಭಾನುವಾರ ತರಬೇತಿಯ ಹುಡುಗಿ ಕೇಳಿದಳು: “ಇದು ಕೊನೆಯ ಸಲ ಹಿಕ್ಕೆ ಹಾಕಿದ್ದು ಯಾವಾಗ?”

ನನಗೆ ಗೊತ್ತಿರಲಿಲ್ಲ. ವಾರಕ್ಕೊಮ್ಮೆ ಕೆಳಗಿಳಿದು ಹಾಕುವ ಪ್ರಾಣಿ. ನೆಲ ಸ್ವಚ್ಛವಾಗಿದ್ದರೆ ನನಗೆ ಕೆಲಸ ಕಡಿಮೆ, ಅಷ್ಟೇ. ತಂತ್ರಾಂಶದಲ್ಲಿ ಕೊಟ್ಟದ್ದು, ಉಳಿದದ್ದು, ತೂಕ, ಮೂರಕ್ಕೂ ಕಾಲಂ ಇದೆ, ಹಿಕ್ಕೆಗೆ ಇಲ್ಲ. ಹಳೆಯ ನೋಟ್‌ಬುಕ್ ತಿರುವಿದೆ. ಹದಿನಾರು ದಿನ.

ಏಣಿ ಹತ್ತಿ ಹೊಟ್ಟೆ ಮುಟ್ಟಿದೆ. ತಮಟೆಯಂತೆ ಬಿಗಿದಿತ್ತು, ತಣ್ಣಗಿತ್ತು. ತಲೆ ಎತ್ತಿದರೆ ಮೇಲಿನ ಕೊಂಬೆಯ ಶಾಖದ ದೀಪ ಆರಿತ್ತು. ಗೋಡೆಯ ಫಲಕ ಮಾತ್ರ 27 ಡಿಗ್ರಿ ತೋರಿಸುತ್ತಿತ್ತು, ಅದರ ಸಂವೇದಕ ಇರುವುದು ಬಿಸಿನೆಲದ ಪಕ್ಕದಲ್ಲಿ. ದೀಪ ಮಂಕಾಗಿದೆ ಎಂದು ನನಗಿಂತ ಮೊದಲಿದ್ದವನು ಕೊಟ್ಟ ಅರ್ಜಿ ಮಂಜೂರಾತಿಗೆ ಕಾದು ಕುಳಿತಿತ್ತು.

ವೈದ್ಯೆ ಬರಲು ಇಪ್ಪತ್ತು ನಿಮಿಷ ಹಿಡಿಯಿತು. ಅಷ್ಟರಲ್ಲಿ ನಾನು ಸಿರಿಂಜಿಗೆ ಗಂಜಿ ತುಂಬಿಕೊಂಡು ಅದರ ಬಾಯಿ ಬಿಡಿಸಲು ಹೆಣಗುತ್ತಿದ್ದೆ. ಅವರು ಬಂದವರೇ ನನ್ನ ಕೈಯನ್ನು ಸರಿಸಿದರು. “ಹೊಟ್ಟೆ ಖಾಲಿ ಇಲ್ಲ. ಮೊದಲು ಬೆಚ್ಚಗೆ ಮಾಡಿ, ನಿಧಾನವಾಗಿ.”

ಸೊಪ್ಪಿನಲ್ಲಿ ಕಸುವು ಕಡಿಮೆ. ಸ್ಲಾತ್‌ನ ಹಲವು ಕೋಣೆಗಳ ಜಠರದಲ್ಲಿ ಸೂಕ್ಷ್ಮಜೀವಿಗಳು ಅದನ್ನು ದಿನಗಟ್ಟಲೆ ಹುದುಗಿಸಬೇಕು. ಮೈ ಬಿಸಿಯೋ ಸುತ್ತಲಿನ ಗಾಳಿಯೊಂದಿಗೆ ಏರಿಳಿಯುತ್ತದೆ; ತಣ್ಣಗಾದರೆ ಹುದುಗುವುದು ನಿಲ್ಲುತ್ತದೆ, ತುಂಬಿದ ಹೊಟ್ಟೆಯಲ್ಲೇ ಪ್ರಾಣಿ ಉಪವಾಸ ಬೀಳುತ್ತದೆ. ಒಲೆ ಆರಿದ ಮೇಲೆ ನಾನು ಪಾತ್ರೆಗೆ ಅಕ್ಕಿ ಸುರಿಯುತ್ತಿದ್ದೆ. ಜಠರದ ಸರಕೇ ಮೈತೂಕದ ಮೂರನೇ ಒಂದು ಭಾಗದಷ್ಟು ಇರಬಲ್ಲದು. ಅಂದರೆ ನಾನು ವಾರವಿಡೀ ತೂಗಿದ್ದು ಸೊಪ್ಪನ್ನು.

ಇವೆಲ್ಲ ತರಬೇತಿಯಲ್ಲಿ ಓದಿದ್ದೇ. ಓದಿದ್ದು ಏಣಿಯ ಮೇಲೆ ನೆನಪಾಗಲಿಲ್ಲ.

ಹೊಸ ದೀಪ ಮಧ್ಯಾಹ್ನವೇ ಬಂತು, ಮಂಜೂರಾತಿ ಇಲ್ಲದೆ. ನಾಲ್ಕನೆಯ ದಿನ ಮುಂಜಾನೆ ಸ್ಲಾತ್ ಕಂಬ ಹಿಡಿದು ಇಂಚಿಂಚಾಗಿ ಇಳಿಯಿತು. ನಾನೂ ತರಬೇತಿಯ ಹುಡುಗಿಯೂ ಉಸಿರು ಬಿಗಿಹಿಡಿದು ನಿಂತೆವು. ಅಷ್ಟೊಂದು ಹಿಕ್ಕೆ ಕಂಡು ಅಷ್ಟೊಂದು ಸಂತೋಷ ನನಗೆ ಎಂದೂ ಆಗಿರಲಿಲ್ಲ.

ತೂಗಿ, ಅಂಕಿ ನಮೂದಿಸಿದೆ. ಸಾಲು ಕೆಂಪಾಯಿತು. ಸಂಜೆಯೊಳಗೆ ಕಚೇರಿಯಿಂದ ಇಮೇಲ್: ‘ಪ್ರಾಣಿಯ ತೂಕ ದಿಢೀರನೆ ಇಳಿದಿದೆ. ಲಿಖಿತ ವಿವರಣೆ ನೀಡಿ.’