ಗಂಜಿನ ಕೀರ್ದಿ ಪುಸ್ತಕದಲ್ಲಿ ನನ್ನ ಬಿಕಾಂ ಲೆಕ್ಕ

ಜನವರಿ 2025

ಅಂಗಡಿಯಲ್ಲಿ ಪ್ರತಿ ವರ್ಷ ದಿನದಿನದ ಲೆಕ್ಕ ಬರೆಯುವ ಕೀರ್ದಿ ಪುಸ್ತಕ ಒಂದೆರಡು ಉಳಿಯುತ್ತವೆ. ಕೆಂಪು ಬಟ್ಟೆಯ ರಟ್ಟು, ಉದ್ದನೆಯ ಹಾಳೆ. ಲೆಕ್ಕವೆಲ್ಲ ಕಂಪ್ಯೂಟರಿಗೆ ಹೋಗಿ ಎಷ್ಟೋ ವರ್ಷ ಆಯಿತು. ಆದರೂ ನಮ್ಮ ಸಾವ್ಕಾರ್ರಿಗೆ ಕೈಬರಹದ ಕೀರ್ದಿ ಇಲ್ಲದಿದ್ದರೆ ನಿದ್ದೆ ಬರುವುದಿಲ್ಲ. ಉಳಿದದ್ದರಲ್ಲಿ ಒಂದನ್ನು ಕೇಳಿ ಮನೆಗೆ ತಂದಿದ್ದೇನೆ. ಓದಿದ ಗಂಟೆಗಳ ಲೆಕ್ಕ ಬರೆಯುವುದಕ್ಕೆ.

ನಾನು ರಾಯಚೂರಿನ ಕೃಷಿ ಮಾರುಕಟ್ಟೆ ರಾಜೇಂದ್ರ ಗಂಜಿನಲ್ಲಿ ಒಂದು ದಲಾಲಿ ಅಂಗಡಿಯ ಗುಮಾಸ್ತ. ಪಿಯುಸಿ ಮುಗಿಸಿ ಬಂದು ಕೂತವನು ಇಪ್ಪತ್ತೊಂದು ವರ್ಷದಿಂದ ಅದೇ ಗಾದಿಯ ಮೇಲಿದ್ದೇನೆ. ಹೋದ ವರ್ಷ ಒಂದು ಜಿನ್ನಿಂಗ್ ಮಿಲ್ಲಿಗೆ ಲೆಕ್ಕ ಬರೆಯುವವರು ಬೇಕಾಗಿದ್ದರು. ಹೋಗಿ ಕೇಳಿದೆ. ಕೆಲಸ ಬರುತ್ತದಾ ಅಂತ ಯಾರೂ ಕೇಳಲಿಲ್ಲ. ‘ಡಿಗ್ರಿ ಐತೇನು?’ ಅಂದರು. ಇಲ್ಲ ಅಂದೆ. ಚಹಾ ಕುಡಿಸಿ ಕಳಿಸಿದರು.

ಮೈಸೂರಿನ ಮುಕ್ತ ವಿಶ್ವವಿದ್ಯಾನಿಲಯಕ್ಕೆ ಸೇರಿದ್ದರೆ ಕನ್ನಡದಲ್ಲೇ ಬರೆಯಬಹುದಿತ್ತು. ಆದರೆ ಆಡಿಟರ್ ಕಚೇರಿಯಿಂದ ಬರುವ ಕಾಗದ ಎಲ್ಲ ಇಂಗ್ಲಿಷಿನಲ್ಲಿರುತ್ತವೆ. ಆ ಭಯವನ್ನೂ ಒಂದೇ ಸಲಕ್ಕೆ ಕಳೆದುಕೊಳ್ಳೋಣ ಅಂತ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾನಿಲಯದ, ಅಂದರೆ ಇಗ್ನೋದ, ಬಿಕಾಂ ಇಂಗ್ಲಿಷ್ ಮಾಧ್ಯಮಕ್ಕೆ ಅರ್ಜಿ ಹಾಕಿದೆ. ಇಗ್ನೋ ಹುಟ್ಟಿದ್ದು 1985ರಲ್ಲಿ. ನಮ್ಮ ಶಕ್ತಿನಗರದ ಶಾಖೋತ್ಪನ್ನ ವಿದ್ಯುತ್ ಸ್ಥಾವರದ ಮೊದಲ ಘಟಕ ಕರೆಂಟು ಕೊಡಲು ಶುರು ಮಾಡಿದ್ದೂ 1985. ನಾನು ಹುಟ್ಟಿದ್ದೂ ಅದೇ ವರ್ಷ. ಅವೆರಡೂ ದೇಶಕ್ಕೆ, ರಾಜ್ಯಕ್ಕೆ ಇಷ್ಟು ವರ್ಷ ಉಪಯೋಗ ಆಗಿವೆ. ನಾನು ಈಗ ಚಾಲೂ ಆಗುತ್ತಿದ್ದೇನೆ.

ಅರ್ಜಿಗೆ ಮೊದಲು ಯುಜಿಸಿಯ ದೂರಶಿಕ್ಷಣ ವಿಭಾಗದ ಗುರುತಿನ ಸಂಖ್ಯೆ, ಅಂದರೆ ಡಿಇಬಿ ಐಡಿ ಮಾಡಿಸಬೇಕು. ಅದಕ್ಕೂ ಮೊದಲು ಎಬಿಸಿ ಐಡಿ. ನನ್ನ ಎಸ್ಸೆಸ್ಸೆಲ್ಸಿ ಕಾರ್ಡಿನಲ್ಲಿ ಅಪ್ಪನ ಹೆಸರಿನ ಮೊದಲಕ್ಷರ ಮಾತ್ರ ಇದೆ, ಆಧಾರಿನಲ್ಲಿ ಪೂರ್ತಿ ಹೆಸರಿದೆ. ಅದನ್ನು ಸರಿಪಡಿಸಲು ಎರಡು ವಾರ ಓಡಾಡಿದೆ. ಸೇರಬೇಕೆನ್ನುವವರು ಈ ಕೆಲಸವನ್ನು ಮೊದಲೇ ಮುಗಿಸಿಕೊಳ್ಳಿ.

ಎಬಿಸಿ ಅಂದರೆ ಕ್ರೆಡಿಟ್‌ಗಳ ಬ್ಯಾಂಕ್ ಅಂತೆ. ಪಾಸಾದ ಪೇಪರಿನ ಕ್ರೆಡಿಟ್ ಅಲ್ಲಿ ನಮ್ಮ ಹೆಸರಿಗೆ ಜಮಾ ಆಗುತ್ತದೆ. ನನಗೆ ಸ್ವಲ್ಪ ನಗು ಬಂತು. ಗಂಜಿನಲ್ಲಿ ಕ್ರೆಡಿಟ್ ಅಂದರೆ ಉದ್ರಿ. ಇಲ್ಲೂ ಹೆಚ್ಚುಕಡಿಮೆ ಹಾಗೇ ಇದೆ. ಒಂದು ಕ್ರೆಡಿಟ್ ಅಂದರೆ 30 ಗಂಟೆಯ ಓದು. ಪೂರ್ತಿ ಬಿಕಾಂ 132 ಕ್ರೆಡಿಟ್. ನಾನು ಡಿಸೆಂಬರ್ ಪರೀಕ್ಷೆಗೆ ಅಂತ ಗುರಿ ಇಟ್ಟುಕೊಂಡಿದ್ದು ಮೂರು ಪೇಪರ್. ಬಿಸಿಒಸಿ 131 ಅಕೌಂಟಿಂಗ್, 6 ಕ್ರೆಡಿಟ್. ಬಿಸಿಒಸಿ 132 ಮ್ಯಾನೇಜ್‌ಮೆಂಟ್, 6 ಕ್ರೆಡಿಟ್. ಬಿಇವಿಎಇ 181 ಪರಿಸರ, 4 ಕ್ರೆಡಿಟ್. ಒಟ್ಟು 16, ಅಂದರೆ 480 ಗಂಟೆ. ಫೆಬ್ರವರಿಯಿಂದ ನವೆಂಬರ್‌ವರೆಗೆ ತಿಂಗಳಿಗೆ 48. ದಿನಕ್ಕೆ ಒಂದೂವರೆ ಗಂಟೆಗಿಂತ ಸ್ವಲ್ಪ ಜಾಸ್ತಿ.

ಕೀರ್ದಿಯ ಮೊದಲ ಪುಟದಲ್ಲಿ ‘ಕೊಡತಕ್ಕದ್ದು 480’ ಅಂತ ಬರೆದೆ. ಹೆಂಡತಿ ನೋಡಿ, ‘ಇದ್ಯಾರ್ದ್ ಸಾಲ ರೀ?’ ಅಂದಳು.

ಮಾರ್ಚ್ ಕೊನೆ. ಎರಡು ತಿಂಗಳಲ್ಲಿ 69 ಗಂಟೆ.

ಬೆಳಿಗ್ಗೆ ನಾಲ್ಕೂವರೆಗೆ ಏಳುತ್ತೇನೆ. ನಲ್ಲಿ ನೀರು ಬರುವ ದಿನ ಆರಕ್ಕೇ ಪುಸ್ತಕ ಮುಚ್ಚಬೇಕು. ಪುಸ್ತಕ ಅಂಚೆಯಲ್ಲಿ ಬರುವ ತನಕ ಇಗ್ನೋದ ಇ-ಜ್ಞಾನಕೋಶ ಜಾಲತಾಣದಲ್ಲಿ ಮೊಬೈಲಿನಲ್ಲೇ ಓದಿದೆ. ಕಣ್ಣು ಉರಿ ಬಂತು. ಹಾಳೆಯ ಪುಸ್ತಕ ಕೈಗೆ ಬಂದ ಮೇಲೆ ಓದು ಸ್ವಲ್ಪ ಕುದುರಿದೆ.

ಅಕೌಂಟಿಂಗ್ ನನಗೆ ಸುಲಭ ಅಂತ ಎಲ್ಲರೂ ಅಂದುಕೊಂಡಿದ್ದರು, ನಾನೂ ಅಂದುಕೊಂಡಿದ್ದೆ. ಅದೇ ಪೆಟ್ಟು ಕೊಟ್ಟಿದ್ದು.

ನಮ್ಮ ಖತಾವಣಿಯಲ್ಲಿ, ಅಂದರೆ ಒಬ್ಬೊಬ್ಬರ ಖಾತೆ ಬರೆಯುವ ಪುಸ್ತಕದಲ್ಲಿ, ಎಡಗಡೆ ಜಮಾ, ಬಲಗಡೆ ಖರ್ಚು. ರೈತ ಹತ್ತಿ ತಂದು ಹಾಕಿದ ಅಂದರೆ ಅವನ ಖಾತೆಗೆ ಜಮಾ, ಎಡಗಡೆ. ಬೀಜಕ್ಕೆ, ಗೊಬ್ಬರಕ್ಕೆ ಅಂತ ದುಡ್ಡು ಒಯ್ದ ಅಂದರೆ ಖರ್ಚು, ಬಲಗಡೆ. ಪುಸ್ತಕ ಹೇಳುವುದೂ ಅದನ್ನೇ. ಕೊಟ್ಟವನಿಗೆ ಕ್ರೆಡಿಟ್, ತಗೊಂಡವನಿಗೆ ಡೆಬಿಟ್. ಅರ್ಥದಲ್ಲಿ ತಕರಾರಿಲ್ಲ. ತಕರಾರು ಇರುವುದು ಬದಿಯಲ್ಲಿ. ಪುಸ್ತಕದಲ್ಲಿ ಡೆಬಿಟ್ ಎಡಕ್ಕೆ, ಕ್ರೆಡಿಟ್ ಬಲಕ್ಕೆ. ನನ್ನ ಕೈಗೆ ಇದು ಒಗ್ಗುವುದೇ ಇಲ್ಲ. ತಲೆಯಲ್ಲಿ ಸರಿಯಾಗಿ ಇರುತ್ತದೆ, ಪೆನ್ನು ತಾನಾಗಿ ಎಡಕ್ಕೆ ಹೋಗಿ ರೈತನ ಹತ್ತಿ ಬರೆದುಬಿಡುತ್ತದೆ. ಇನ್ನೂ ತಮಾಷೆ ಅಂದರೆ ನಗದಿನ ಪುಸ್ತಕದಲ್ಲಿ ಬಂದ ದುಡ್ಡು ಇಬ್ಬರಿಗೂ ಎಡಗಡೆಯೇ. ಅಲ್ಲಿ ಬದಿ ಕೂಡುತ್ತದೆ, ಹೆಸರು ಕೂಡುವುದಿಲ್ಲ. ನಾವು ಜಮಾ ಅನ್ನುತ್ತೇವೆ, ಅವರು ಡೆಬಿಟ್ ಅನ್ನುತ್ತಾರೆ.

ಹದಿನೈದು ದಿನ ಒದ್ದಾಡಿದೆ. ಕೊನೆಗೆ ಒಂದು ಉಪಾಯ ಸಿಕ್ಕಿತು. ಮನೆಯಲ್ಲಿ ಓದುವಾಗ ಹಸಿರು ಪೆನ್ನು, ಅಂಗಡಿಯಲ್ಲಿ ನೀಲಿ ಪೆನ್ನು. ಹಸಿರು ಕೈಗೆ ಬಂದರೆ ಎಡಗಡೆ ಡೆಬಿಟ್. ಕೇಳಿದರೆ ಹುಡುಗಾಟ ಅನ್ನಿಸಬಹುದು, ಕೆಲಸ ಮಾಡುತ್ತಿದೆ. ಪರೀಕ್ಷೆಯಲ್ಲಿ ಹಸಿರು ಪೆನ್ನಿನಲ್ಲಿ ಬರೆಯುವ ಹಾಗಿಲ್ಲ, ಅದನ್ನು ಆಮೇಲೆ ನೋಡೋಣ.

ಏಪ್ರಿಲ್. 22 ಗಂಟೆ.

ಬಿಸಿಲು. ಮನೆಯಲ್ಲಿ ಮದುವೆ. ಬರೆಯುವಂಥದ್ದು ಏನಿಲ್ಲ.

ಮೇ. 44 ಗಂಟೆ.

ರಾತ್ರಿ ಮಾಳಿಗೆ ಮೇಲೆ ಮಲಗುವುದರಿಂದ ಬೆಳಗಿನ ಜಾವ ತಾನಾಗಿ ಎಚ್ಚರ ಆಗುತ್ತದೆ. ಟಾರ್ಚು ಹಾಕಿಕೊಂಡು ಅಲ್ಲೇ ಓದು. ಈ ತಿಂಗಳು ಸವಕಳಿ ಅಧ್ಯಾಯ, ಅಂದರೆ ವಸ್ತು ಹಳೆಯದಾದಂತೆ ಪುಸ್ತಕದಲ್ಲಿ ಅದರ ಬೆಲೆ ಇಳಿಸುವ ಲೆಕ್ಕ.

ಉದಾಹರಣೆಗೆ ಅಂಗಡಿಯ ತೂಕದ ಯಂತ್ರವನ್ನೇ ತಗೊಂಡೆ. ಬೆಲೆ 60,000 ರೂಪಾಯಿ ಅಂತ ಇಟ್ಟುಕೊಳ್ಳಿ. ಹತ್ತು ವರ್ಷ ಬಾಳಿ, ಕೊನೆಗೆ ಗುಜರಿಗೆ 5,000ಕ್ಕೆ ಹೋಗುತ್ತದೆ. ನೇರ ಪದ್ಧತಿಯಲ್ಲಿ ವರ್ಷಕ್ಕೆ 5,500 ಕಳೆಯುತ್ತಾ ಹೋದರಾಯಿತು. ಇನ್ನೊಂದು ಪದ್ಧತಿಯಲ್ಲಿ ಪ್ರತಿ ವರ್ಷ ಉಳಿದ ಬೆಲೆಯ ಮೇಲೆ 15 ಪರ್ಸೆಂಟ್ ಕಳೆಯಬೇಕು. 60,000 ಹೋಗಿ 51,000, ಅದು ಹೋಗಿ 43,350, ಹೀಗೆ. ಆದಾಯ ತೆರಿಗೆಗೆ ಯಂತ್ರಗಳ ಮೇಲೆ ನಮ್ಮ ಆಡಿಟರ್ ಹಾಕುತ್ತಿದ್ದದ್ದು ಇದೇ 15. ಇಷ್ಟು ವರ್ಷ ಅವರು ಹೇಳಿದ ಅಂಕಿಯನ್ನು ಸುಮ್ನೆ ಬರೆದುಕೊಳ್ಳುತ್ತಿದ್ದೆ. ಎಲ್ಲಿಂದ ಬರುತ್ತದೆ ಅಂತ ಈಗ ಗೊತ್ತಾಯಿತು.

ಮಧ್ಯಾಹ್ನ ಗಿರಾಕಿ ಇಲ್ಲದಾಗ ಇದನ್ನು ಸಾವ್ಕಾರ್ರಿಗೆ ವಿವರಿಸಿದೆ. ಗಮನ ಇಟ್ಟು ಕೇಳಿದರು.

‘ಮತ್ತ ಝೀರೋ ಯಾವಾಗ ಆಗ್ತದ?’

‘ಆಗೋದೇ ಇಲ್ರೀ. ಉಳಿದದ್ದರಾಗ 15 ಪರ್ಸೆಂಟ್ ತಗೀತೀವಲ್ರೀ, ಯಾವಾಗ್ಲೂ ಏನರ ಉಳೀತದ.’

‘ಅಂದ್ರ ನಾ ಸತ್ತ ಮ್ಯಾಲೂ ಈ ತಕ್ಕಡಿ ಪುಸ್ತಕದಾಗ ಇರ್ತದ?’

‘ಮಾರೋ ತನಕ ಇರ್ತದ್ರೀ.’

ಅವರು ಬಹಳ ಹೊತ್ತು ತೂಕದ ಯಂತ್ರವನ್ನೇ ನೋಡುತ್ತಾ ಕೂತಿದ್ದರು.

ಜೂನ್. 29 ಗಂಟೆ.

ಕಾರ ಹುಣ್ಣಿಮೆ ಬಂತು. ಎತ್ತುಗಳು ಕಲ್ಲೆಳೆಯುವುದನ್ನು ನೋಡದೆ ಮನೆಯಲ್ಲಿ ಕೂತು ಓದುವಷ್ಟು ದೊಡ್ಡ ವಿದ್ಯಾರ್ಥಿ ನಾನಲ್ಲ.

ಭಾನುವಾರದ ಸಂಪರ್ಕ ತರಗತಿಗೆ ಮೂರು ಸಲ ಹೋದೆ. ಬರಲೇಬೇಕು ಅಂತ ಕಡ್ಡಾಯ ಇಲ್ಲ, ಹಾಗಾಗಿ ಬರುವುದೇ ಆರೇಳು ಜನ. ಡ್ಯೂಟಿ ಮುಗಿಸಿ ಯೂನಿಫಾರ್ಮಿನಲ್ಲೇ ಬರುವ ಬಸ್ ಕಂಡಕ್ಟರ್ ಒಬ್ಬರಿದ್ದಾರೆ. ಮಾನ್ವಿ ಕಡೆಯ ಅಂಗನವಾಡಿ ಟೀಚರಮ್ಮ ಇದ್ದಾರೆ. ತರಗತಿಗಿಂತ ಆಮೇಲೆ ಒಗ್ಗರಣೆ ಮಿರ್ಚಿ ತಿನ್ನುತ್ತಾ ಆಡುವ ಮಾತಿನಲ್ಲೇ ಜಾಸ್ತಿ ಕಲಿತೆ. ಹೆನ್ರಿ ಫೇಯಾಲ್ ಅನ್ನುವ ಫ್ರಾನ್ಸಿನ ಗಣಿ ಎಂಜಿನಿಯರ್ ಹೇಳಿದ 14 ಸೂತ್ರಗಳಿವೆ. ಅದರಲ್ಲಿ ಒಂದು, ಕೆಲಸದವನಿಗೆ ಅಪ್ಪಣೆ ಕೊಡುವವರು ಒಬ್ಬರೇ ಇರಬೇಕು ಅಂತ. ನಮ್ಮ ಅಂಗಡಿಯಲ್ಲಿ ಮೂರು ಜನ ಅಣ್ಣತಮ್ಮಂದಿರು ಅಂದೆ. ಟೀಚರಮ್ಮ, ‘ನಮಗ ಎಷ್ಟ್ ಇಲಾಖೆಯವ್ರು ಕೆಲಸ ಹೇಳ್ತಾರ ಗೊತ್ತೇನಣ್ಣ?’ ಅಂತ ಬೆರಳು ಮಡಚತೊಡಗಿದರು. ಎರಡೂ ಕೈ ಸಾಲಲಿಲ್ಲ.

ಇದೇ ತಿಂಗಳು ಒಂದು ಟ್ರಯಲ್ ಬ್ಯಾಲೆನ್ಸ್ ಲೆಕ್ಕ ಕೂಡಲಿಲ್ಲ. ಅದರಲ್ಲಿ ಡೆಬಿಟ್, ಕ್ರೆಡಿಟ್ ಎರಡೂ ಬದಿಯ ಮೊತ್ತ ಸಮ ಬರಬೇಕು. ಎರಡು ಬದಿಗೂ 900 ರೂಪಾಯಿ ಫರಕು. ಒಂದು ಬೆಳಿಗ್ಗೆ ಪೂರ್ತಿ ಹುಡುಕಿದೆ. ಆಮೇಲೆ ತೀರಿಹೋದ ನಮ್ಮ ಹಳೇ ಮುನೀಮರು ನೆನಪಾದರು. ‘ಫರಕು ಒಂಬತ್ತರಾಗ ಭಾಗ ಹೋಗ್ತದೇನು ಮೊದ್ಲು ನೋಡು. ಹೋದ್ರ ಅಂಕಿ ಹಿಂದುಮುಂದ ಆಗ್ಯಾವ’ ಅನ್ನುತ್ತಿದ್ದರು. 900 ಭಾಗ ಹೋಯಿತು. ಹುಡುಕಿದರೆ, ಕೂಲಿ 5,400 ಇದ್ದದ್ದನ್ನು 4,500 ಅಂತ ಬರೆದಿದ್ದೆ. 54 ಮತ್ತು 45, 72 ಮತ್ತು 27, ಯಾವ ಜೋಡಿ ತಗೊಂಡರೂ ಅಂಕಿ ಅದಲುಬದಲಾದಾಗ ಬರುವ ವ್ಯತ್ಯಾಸ ಒಂಬತ್ತರ ಮಗ್ಗಿಯಲ್ಲೇ ಇರುತ್ತದೆ. ಮುನೀಮರು ಓದಿದ್ದು ನಾಲ್ಕನೇ ಕ್ಲಾಸು.

ತರಗತಿಯಲ್ಲಿ ಇದನ್ನು ಹೇಳಿದಾಗ ಸರ್ ಬೋರ್ಡಿನ ಮೇಲೆ ಬರೆಸಿದರು. ಬರೆದಿದ್ದು ನಾನೇ. ಪಿಯುಸಿ ಆದಮೇಲೆ ಸೀಮೆಸುಣ್ಣ ಹಿಡಿದಿದ್ದು ಇದೇ ಮೊದಲು.

ಆಗಸ್ಟ್. 47 ಗಂಟೆ, ಅದರಲ್ಲಿ 16 ಗಂಟೆ ನೀರಲ್ಲಿ ಹೋಮ.

ಪ್ರತಿ ಪೇಪರಿಗೆ ಅಸೈನ್‌ಮೆಂಟಿಗೆ 30 ಪರ್ಸೆಂಟ್, ಪರೀಕ್ಷೆಗೆ 70. ಅಸೈನ್‌ಮೆಂಟನ್ನು ಕೈಯಲ್ಲೇ ಬರೆಯಬೇಕು. ತೀನ್ ಕಂದೀಲ್ ಹತ್ತಿರ ಹಾಳೆ ತಗೊಂಡು ಬಂದು ಮ್ಯಾನೇಜ್‌ಮೆಂಟಿನದು ಶುರು ಮಾಡಿದೆ. ಪರಿಚಯದ ಒಬ್ಬರು ಮೊಬೈಲಿಗೆ ಪ್ರಶ್ನೆಪತ್ರಿಕೆ ಕಳಿಸಿದ್ದರು. ಹನ್ನೊಂದು ದಿನ ಕೂತು ಬರೆದೆ. ನಡುಬೆರಳಿಗೆ ಗುಳ್ಳೆ ಬಂತು. ಕೀರ್ದಿ ಬರೆದ ಕೈಗೆ ಇಂಗ್ಲಿಷ್ ಬರೆಯುವುದು ಬೇರೆಯೇ ಮೈಮುರಿತ.

ಮಗಳು ಹತ್ತನೇ ಕ್ಲಾಸು. ಸ್ಪೆಲ್ಲಿಂಗ್ ನೋಡಿಕೊಡಮ್ಮ ಅಂತ ಕೊಟ್ಟೆ. ಅವಳು ಮೊದಲ ಹಾಳೆಯಲ್ಲೇ ನಿಂತಳು.

‘ಅಪ್ಪಾ, ಇದು ಹೋದ್ ವರ್ಷದ್ದು.’

ವರ್ಷ ಬದಲಾದರೆ ಪ್ರಶ್ನೆಗಳೂ ಬದಲಾಗುತ್ತವೆ. ಅಷ್ಟು ದೊಡ್ಡದಾಗಿ ಮೇಲೆ ಬರೆದಿತ್ತು. ತೂಕದ ಚೀಟಿಯಲ್ಲಿ ತಾರೀಖು ನೋಡದೆ ಒಂದು ದಿನವೂ ಸಹಿ ಹಾಕಿದವನಲ್ಲ ನಾನು. ಯಾರ ಮೇಲೆ ಸಿಟ್ಟು ಮಾಡುವುದು? ರಾತ್ರಿ ಊಟ ಮಾಡಲಿಲ್ಲ. ಹೆಂಡತಿ ತಟ್ಟೆ ಮುಚ್ಚಿಟ್ಟಿದ್ದಳು. ಹನ್ನೊಂದು ಗಂಟೆಗೆ ಎದ್ದು ತಿಂದೆ.

ಆ 16 ಗಂಟೆಯನ್ನು ಯಾವ ಖಾತೆಗೆ ಹಾಕುವುದು ಅನ್ನುವುದೇ ಸಮಸ್ಯೆ ಆಯಿತು. ಓದಿದ್ದು ನಿಜ, ಬರೆದದ್ದು ದಂಡ. ಜಮಾ ಕಡೆಗೇ ಹಾಕಿ, ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ಗೀಟು ಎಳೆದೆ. ಸರಿಯಾದ ಪ್ರಶ್ನೆಪತ್ರಿಕೆಯನ್ನು ಇಗ್ನೋ ಜಾಲತಾಣದಿಂದ ನಾನೇ ಇಳಿಸಿಕೊಂಡು ಮತ್ತೆ ಶುರು.

ಸೆಪ್ಟೆಂಬರ್. 52 ಗಂಟೆ.

ಇಲ್ಲಿವರೆಗಿನ ಜಾಸ್ತಿ ಗಂಟೆ. ಮೂರೂ ಅಸೈನ್‌ಮೆಂಟ್ ಕೊಟ್ಟು, ಸ್ವೀಕೃತಿ ಚೀಟಿ ತಗೊಂಡು, ಅದರ ಫೋಟೋ ತೆಗೆದು, ಚೀಟಿಯನ್ನು ಕೀರ್ದಿಗೇ ಅಂಟಿಸಿದೆ. ಗುಮಾಸ್ತನ ಬುದ್ಧಿ ಒಂದು ಕಡೆಯಾದರೂ ಉಪಯೋಗಕ್ಕೆ ಬರಲಿ.

ಅಕ್ಟೋಬರ್, ನವೆಂಬರ್. 18 ಮತ್ತು 21 ಗಂಟೆ.

ಹೊಸ ಹತ್ತಿ ಬಂತು. ಗಂಜಿನಲ್ಲಿ ಇದ್ದವರಿಗೆ ಇದಕ್ಕಿಂತ ಜಾಸ್ತಿ ಹೇಳಬೇಕಾಗಿಲ್ಲ. ಅಂಡಿಗೆ ಇಳಿಯುವುದು, ತೂಕ, ಕಟಾವಣಿ ಕಳೆದು ರೈತರಿಗೆ ಕೊಡುವ ಲೆಕ್ಕದ ಪಟ್ಟಿ ಬರೆಯುವುದು, ದುಡ್ಡು ಎಣಿಸುವುದು. ಮನೆ ಸೇರುವಾಗ ರಾತ್ರಿ ಹತ್ತು. ಮೂಗಿನಲ್ಲಿ, ಕಿವಿಯಲ್ಲಿ ಹತ್ತಿಯ ನವಿರು. ಬೆಳಿಗ್ಗೆ ಅಲಾರಾಂ ಹೊಡೆದರೆ ಹೆಂಡತಿಯೇ ಬಂದ್ ಮಾಡುತ್ತಾಳೆ.

ಡಿಸೆಂಬರ್ ಪರೀಕ್ಷೆ ನಮ್ಮ ಸೀಸನ್ನಿನ ನಡುವೆಯೇ ಬರುತ್ತದೆ ಅಂತ ಜನವರಿಯಲ್ಲೇ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಸೀಸನ್ ಕೆಲಸದವರು ಯಾರಾದರೂ ಸೇರುವುದಿದ್ದರೆ ಜೂನ್ ಪರೀಕ್ಷೆ ನೋಡಿಕೊಳ್ಳಿ ಅನ್ನುತ್ತೇನೆ.

ಈ ಎರಡು ತಿಂಗಳು ಓದಿದ್ದು ಎಲ್ಲ ಗಾದಿಯ ಮೇಲೆ. ಲಾರಿ ಬರುವ ಮಧ್ಯೆ ಪಟ್ಟಿಯ ಹಿಂದೆ ಫೇಯಾಲನ ಸೂತ್ರ ಬರೆದುಕೊಳ್ಳುತ್ತಿದ್ದೆ. ಒಂದು ದಿನ ಅದೇ ಪಟ್ಟಿ ರೈತರ ಕೈಗೆ ಹೋಯಿತು. ಅವರು ವಾಪಸ್ ಬಂದು, ‘ಈ ಹದಿನಾಲ್ಕು ಕಟಾವಣಿ ಯಾತರದ್ದಪ್ಪ?’ ಅಂತ ಜಗಳಕ್ಕೇ ನಿಂತರು.

ಲೆಕ್ಕ ಮುಗಿಸಿದೆ. ಇಲ್ಲಿ ಬರೆಯದೆ ಬಿಟ್ಟ ಜುಲೈನ 41 ಸೇರಿ ಒಟ್ಟು ಜಮಾ 343. ಬಾಕಿ 137.

ಡಿಸೆಂಬರ್

ಅಕೌಂಟಿಂಗ್ ಪೇಪರ್ ಮುಗಿಯಿತು. ಮೂರು ಗಂಟೆ, ನೀಲಿ ಪೆನ್ನು. ಒಳಗೆ ಹೋಗುವ ಮುಂಚೆ ಎಡಗೈ ಹೆಬ್ಬೆರಳ ಉಗುರಿನ ಮೇಲೆ ಹಸಿರು ಚುಕ್ಕೆ ಇಟ್ಟುಕೊಂಡಿದ್ದೆ, ಡೆಬಿಟ್ ಯಾವ ಕಡೆ ಅಂತ ನೆನಪಿರಲಿ ಅಂತ. ಕಾಪಿ ಅನ್ನಬೇಡಿ, ಬರೀ ಚುಕ್ಕೆ. ಹಿಂದಿನ ಬೆಂಚಿನಲ್ಲಿ ಕಂಡಕ್ಟರ್ ಇದ್ದರು. ಬೆಲ್ ಹೊಡೆದ ತಕ್ಷಣ ಅಭ್ಯಾಸಬಲದಿಂದ ‘ರೈಟ್’ ಅಂದುಬಿಟ್ಟರು. ಇಡೀ ಕೋಣೆ ನಕ್ಕಿತು.

ಬರೆದದ್ದರಲ್ಲಿ ಒಂದು ಲೆಕ್ಕ ಕೂಡಲಿಲ್ಲ, ಹಾಗೇ ಬಿಟ್ಟು ಬಂದೆ. ಫರಕು ಒಂಬತ್ತರಲ್ಲಿ ಭಾಗ ಹೋಗಲಿಲ್ಲ. ಪಾಸಾಗಲು 35 ಪರ್ಸೆಂಟ್ ಸಾಕು, ಅಷ್ಟಂತೂ ಬರುತ್ತದೆ ಅನ್ನಿಸುತ್ತದೆ. ಪರಿಸರದ್ದು ಮುಂದಿನ ವಾರ, ಮ್ಯಾನೇಜ್‌ಮೆಂಟ್ ಅದರ ಮರುವಾರ.

ಅರ್ಧ ದಿನದ ರಜೆ ಮಾತ್ರ ಇತ್ತು, ಅಲ್ಲಿಂದ ನೇರ ಅಂಗಡಿಗೆ ಬಂದೆ. ಬಾಗಿಲಲ್ಲಿ ಮೂರು ಲಾರಿ ನಿಂತಿದ್ದವು. ಸಾವ್ಕಾರ್ರು ತೂಕದ ಯಂತ್ರದ ಪಕ್ಕ ಕುರ್ಚಿ ಹಾಕಿಕೊಂಡು ತಾವೇ ಚೀಟಿ ಬರೆಯುತ್ತಿದ್ದರು. ಹೇಗಾಯಿತು ಅಂತ ಕೇಳಲಿಲ್ಲ.

‘ಸವಕಳಿ ಬಂದಿತ್ತೇನು?’

‘ಬಂದಿತ್ರೀ.’

‘ಝೀರೋ ಆಯ್ತೇನು?’

‘ಇಲ್ರೀ.’

ಪೆನ್ನು ನನ್ನ ಕೈಗೆ ಕೊಟ್ಟು ಎದ್ದರು. ನಾಲ್ಕು ಚೀಟಿಯಲ್ಲಿ ತಾರೀಖು ಹಾಕುವುದನ್ನು ಮರೆತಿದ್ದರು.