ಮಾಟುಂಗಾದ ಮಳೆಯಲ್ಲಿ ಹಚ್ಚಿದ ಸಿಗರೇಟು

ಕುಡಿತ ಬಿಟ್ಟು ಹತ್ತು ತಿಂಗಳಾಗಿದ್ದ ಒಂದು ಜುಲೈ ಸಂಜೆ, ಮುಂಬಯಿಯ ಮಾಟುಂಗಾ ಸ್ಟೇಷನ್ನಿನ ಹೊರಗಿನ ಬೀಡಾ ಅಂಗಡಿಯ ತಗಡಿನಡಿ ಮಳೆಗೆ ನಿಂತು ಸಿಗರೇಟು ಹಚ್ಚಿದೆ. ಎರಡು ದಮ್ಮು ಎಳೆಯುವಷ್ಟರಲ್ಲಿ ನಾಲಿಗೆಯ ಬುಡದಲ್ಲಿ ರಮ್ಮಿನ ರುಚಿ ಎದ್ದಿತು, ಬಾಯಲ್ಲಿ ನೀರೂರಿತು, ಅಂಗೈ ಬೆವರಿತು. ರಸ್ತೆಯಾಚೆಯ ಪರ್ಮಿಟ್ ರೂಮಿನ, ಅಂದರೆ ಬಾರಿನ, ಕಡೆಗೆ ನಾಲ್ಕು ಹೆಜ್ಜೆ ಇಟ್ಟಾಗಿದೆ ಎಂಬುದು ತಲೆ ಒದ್ದೆಯಾದ ಮೇಲೆಯೇ ನನಗೆ ತಿಳಿದದ್ದು.

ಅಲ್ಲಿಂದಲೇ ಕುಡಿತ ಬಿಡಲು ಒಬ್ಬರಿಗೊಬ್ಬರು ನೆರವಾಗುವವರ ಕೂಟವಾದ ಆಲ್ಕೊಹಾಲಿಕ್ಸ್ ಅನಾನಿಮಸ್‌ನ (ಎಎ) ನಮ್ಮ ಗುಂಪಿನ ಹಿರಿಯರೊಬ್ಬರಿಗೆ ಫೋನ್ ಮಾಡಿದೆ. ಮಂಗಳೂರು ಕಡೆಯ ಅವರು ಕೇಳಿದ್ದು ಒಂದೇ ಮಾತು: "ಈಗ ಕೈಯಲ್ಲಿ ಎಂತ ಉಂಟು ಮಾರಾಯಾ?" ಸಿಗರೇಟು ಎಂದೆ. "ಮೊದಲು ಅದನ್ನು ಬಿಸಾಡು. ಸೀದಾ ಮೀಟಿಂಗಿಗೆ ಬಾ, ನಾನು ಗೇಟಿನಲ್ಲೇ ಇರ್ತೇನೆ."

ಕುಡಿತ ಬಿಡಲು ನಾನು ದಾಖಲಾಗಿದ್ದ ಚಿಕಿತ್ಸಾ ಕೇಂದ್ರದಲ್ಲಿ "ಮೊದಲು ಮದ್ಯ ಬಿಡಿ, ಸಿಗರೇಟಿನ ವಿಚಾರ ಆಮೇಲೆ ನೋಡೋಣ" ಎಂದಿದ್ದರು. ಆ ಮಾತನ್ನು ನಂಬಿ ದಿನಕ್ಕೆ ಹತ್ತು ಸಿಗರೇಟು ಇದ್ದದ್ದನ್ನು ಇಪ್ಪತ್ತೈದಕ್ಕೆ ಏರಿಸಿಕೊಂಡಿದ್ದೆ. ಅವರ ಉದ್ದೇಶ ಒಳ್ಳೆಯದೇ ಇದ್ದಿರಬಹುದು, ಆದರೆ ಆ ಸಲಹೆ ತಪ್ಪೆಂದು ಈಗ ಖಂಡಿತವಾಗಿ ಹೇಳುತ್ತೇನೆ.

ಮರುವಾರ ಕಂಡ ಮನೋವೈದ್ಯರು ಸಮಾಧಾನದಿಂದ ಬಿಡಿಸಿ ಹೇಳಿದರು. ತಂಬಾಕಿನಲ್ಲಿರುವ ನಿಕೋಟಿನ್, ಮಿದುಳಿನ ಜೀವಕೋಶಗಳ ಮೇಲೆ ಸಂಕೇತ ಹಿಡಿಯುವ ಕೆಲವು ಗ್ರಾಹಕಗಳಿಗೆ ಅಂಟಿಕೊಂಡು, 'ಇನ್ನೂ ಬೇಕು' ಎನಿಸುವ ಡೋಪಮಿನ್ ಎಂಬ ರಾಸಾಯನಿಕ ಸ್ರವಿಸುವಂತೆ ಮಾಡುತ್ತದೆ. ಮದ್ಯವೂ ಕೊನೆಗೆ ಅದೇ ದಾರಿಯಲ್ಲಿ ಡೋಪಮಿನ್ನನ್ನು ಏರಿಸುತ್ತದೆ, ಅಷ್ಟೇ ಅಲ್ಲದೆ ಆ ನಿಕೋಟಿನ್ ಗ್ರಾಹಕಗಳ ಮೇಲೂ ಪ್ರಭಾವ ಬೀರುತ್ತದೆ. ರಕ್ತದಲ್ಲಿನ ನಿಕೋಟಿನ್ ಸುಮಾರು 2 ಗಂಟೆಗಳಲ್ಲಿ ಅರ್ಧಕ್ಕಿಳಿಯುವುದರಿಂದ ದಿನವಿಡೀ ಮತ್ತೆ ಮತ್ತೆ ಚಡಪಡಿಕೆ ಏಳುತ್ತದೆ, ಮತ್ತು ಹತ್ತೊಂಬತ್ತು ವರ್ಷ ಒಂದು ಕೈಯಲ್ಲಿ ಗ್ಲಾಸು, ಇನ್ನೊಂದರಲ್ಲಿ ಸಿಗರೇಟು ಹಿಡಿದವನಿಗೆ ಅದು ಯಾವುದರ ಹಸಿವೆಂದು ಬೇರ್ಪಡಿಸಲು ಆಗುವುದಿಲ್ಲ. ಎರಡನ್ನೂ ಒಟ್ಟಿಗೆ ಬಿಟ್ಟರೆ ಮತ್ತೆ ಕುಡಿಯುವೆನೇನೋ ಎಂಬ ನನ್ನ ಭಯವನ್ನು ಹೇಳಿಕೊಂಡೆ. ವ್ಯಸನ ಚಿಕಿತ್ಸೆಯ ಜೊತೆಗೇ ಧೂಮಪಾನ ಬಿಡಲು ನೆರವು ಪಡೆದವರು ಮದ್ಯ ಮತ್ತು ಮಾದಕವಸ್ತುಗಳಿಂದ ದೀರ್ಘಕಾಲ ದೂರ ಉಳಿಯುವ ಸಾಧ್ಯತೆ ಶೇಕಡಾ 25ರಷ್ಟು ಹೆಚ್ಚೆಂದು, ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ 2004ರ ವಿಶ್ಲೇಷಣೆಯೊಂದು ಕಂಡುಕೊಂಡಿದೆ ಎಂದು ಅವರು ಹೇಳಿದಾಗ, ಇದನ್ನು ಮೊದಲ ದಿನವೇ ಯಾರೂ ಏಕೆ ಹೇಳಲಿಲ್ಲ ಎಂದು ಮನಸ್ಸು ನೊಂದಿತು.

ನಮ್ಮ ಗುಂಪಿನ ಗೋಡೆಯ ಮೇಲೆ, 1935ರಲ್ಲಿ ಎಎ ಆರಂಭಿಸಿದ ಇಬ್ಬರಲ್ಲೊಬ್ಬರಾದ ಬಿಲ್ ವಿಲ್ಸನ್ ಅವರ ಚಿತ್ರವಿದೆ. ಮೂವತ್ತಾರು ವರ್ಷ ಮದ್ಯವಿಲ್ಲದೆ ಬದುಕಿದ ಅವರು ಬಹುಕಾಲ ವಿಪರೀತ ಸಿಗರೇಟು ಸೇದುತ್ತಿದ್ದರು. 1971ರಲ್ಲಿ ಅವರು ತೀರಿಕೊಂಡಿದ್ದು ಎಂಫಿಸೀಮಾ ಎಂಬ ಶ್ವಾಸಕೋಶದ ಕಾಯಿಲೆ ಮತ್ತು ನ್ಯುಮೋನಿಯಾದಿಂದ. ಆ ಚಿತ್ರದಡಿಯೇ ಚಹಾದ ಬಿಡುವು ಸಿಕ್ಕೊಡನೆ ನಾವೆಲ್ಲ ಗೇಟಿನಾಚೆ ಸೇದಲು ಹೋಗುತ್ತಿದ್ದೆವು.

ಈಗ ಸಿಗರೇಟು ಇಡುತ್ತಿದ್ದ ಜೇಬಿನಲ್ಲಿ, ಸಿಗರೇಟು ಬಿಡಲು ನೆರವಾಗುವ 2 ಮಿಲಿಗ್ರಾಂ ನಿಕೋಟಿನ್ ಗಮ್ ಇದೆ. ನಾಲ್ಕಾರು ಸಲ ಅಗಿದು, ಚುರುಗುಟ್ಟಿದ ಕೂಡಲೇ ಕೆನ್ನೆಯ ಒಳಬದಿಗೆ ಒತ್ತಿಟ್ಟುಕೊಳ್ಳಬೇಕು. ಮೊದಲೆರಡು ದಿನ ಬಬಲ್ ಗಮ್ಮಿನಂತೆ ಅಗಿದು ಬಿಕ್ಕಳಿಕೆ ಹತ್ತಿಸಿಕೊಂಡಿದ್ದೆ. ಕಳೆದ ಶನಿವಾರ ಮೀಟಿಂಗಿನಲ್ಲಿ ಎದ್ದು ನಿಂತು ಮಾಟುಂಗಾದ ಆ ನಾಲ್ಕು ಹೆಜ್ಜೆಗಳ ಬಗ್ಗೆ ಮಾತಾಡಿದೆ. ಬಿಡುವಿನ ಹೊತ್ತಿಗೆ ಇಬ್ಬರು ಹೊರಗೆ ಹೋಗದೆ ನನ್ನ ಪಕ್ಕದ ಕುರ್ಚಿಗೆ ಬಂದು, ಗಮ್ ಯಾವ ಅಂಗಡಿಯಲ್ಲಿ ಸಿಗುತ್ತದೆ ಎಂದು ಕೇಳಿದರು.